ಅಜ್ಜನ ಫಿಯೆಟ್ಟು, ಬದಿಯ ಬೀಡಿಂಗು ಮತ್ತು ಮೂರು ತೂತು

ಕಾಫಿ ಕುಯ್ಲು ಮುಗಿದು ಕಣ ಖಾಲಿಯಾಗಿತ್ತು. ಹೂ ಮಳೆ ಇನ್ನೂ ಬಂದಿರಲಿಲ್ಲ. ಅಪ್ಪ, ಚಿಕ್ಕಪ್ಪ ಇಬ್ಬರೂ ದಿನಕ್ಕೆ ಹತ್ತು ಸಲ ಆಕಾಶ ನೋಡಿ "ಒಂದು ಇಂಚಾದರೂ ಬರಲಪ್ಪ" ಅನ್ನುತ್ತಿದ್ದರೆ, ನಾನೊಬ್ಬ ಮಾತ್ರ ಇನ್ನು ನಾಲ್ಕು ದಿನ ಬರದೇ ಇದ್ದರೆ ಸಾಕು ಅಂದುಕೊಳ್ಳುತ್ತಿದ್ದೆ. ಬಾಯಿ ಬಿಟ್ಟು ಹೇಳಿದ್ದರೆ ಅವತ್ತು ಊಟ ಸಿಗುತ್ತಿತ್ತೋ ಇಲ್ಲವೋ :) ಕಳಸದ ಹತ್ತಿರದ ನಮ್ಮ ಮನೆಯ ಕಣದ ನಡುವೆ ಅಜ್ಜನ ಫಿಯೆಟ್ ಕಾರು ನಿಂತಿತ್ತು. ಅದರ ಎರಡೂ ಬದಿಯ ಹೊಳೆಯುವ ಪಟ್ಟಿಗಳನ್ನು ಬಿಚ್ಚಿ, ಹಳೇ ಬೆಡ್‌ಶೀಟಿನ ಮೇಲೆ ಸಾಲಾಗಿ ಮಲಗಿಸಿದ್ದೆ.

ಕಾರು ಶೆಡ್ಡಿನಿಂದ ಹೊರಗೆ ಬರಲು ಕಾರಣ ಅದರ ಕಾಗದ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಲ್ಲ, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದರ ಶುಲ್ಕ 2025ರ ಆಗಸ್ಟಿನಲ್ಲಿ 10 ಸಾವಿರ ರೂಪಾಯಿಗೆ ಏರಿತು. "ಹತ್ತು ಸಾವಿರ ಕಟ್ಟಿ ತುಕ್ಕು ಸಾಕಬೇಕಾ? ಗುಜರಿಗೆ ಹಾಕು" ಅಂತ ಚಿಕ್ಕಪ್ಪ. ಅಪ್ಪ ಏನೂ ಹೇಳಲಿಲ್ಲ. ಅಪ್ಪ ಏನೂ ಹೇಳದಿದ್ದರೆ ಬೇಡ ಅಂತ ಅರ್ಥ. ತುಕ್ಕು ಎಷ್ಟಿದೆ ಅಂತ ಮೊದಲು ನೋಡೋಣ, ಆಮೇಲೆ ಜಗಳ ಆಡೋಣ ಅಂತ ನಾನು ಪಟ್ಟಿ ಬಿಚ್ಚಲು ಕೂತೆ. ಯಾಕೆ ಪಟ್ಟಿಯಿಂದಲೇ ಶುರು ಅಂದರೆ, ಈ ಕಾರುಗಳ ಬದಿಯಲ್ಲಿ ತುಕ್ಕು ಮೊದಲು ಹುಟ್ಟುವ ಜಾಗಗಳಲ್ಲಿ ಅದೂ ಒಂದು. ಹೊರಗಿನಿಂದ ಕಾಣುವುದಿಲ್ಲ ಅಷ್ಟೇ.

ಬೀಡಿಂಗ್ ಅಂತ ನಮ್ಮ ಕಡೆ ಕರೆಯುವ ಈ ಪಟ್ಟಿಯಿಂದ ಕಾರು ಓಡುವುದಕ್ಕೆ ಏನೂ ಉಪಯೋಗವಿಲ್ಲ. ಅದು ಒಡವೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1927ರಲ್ಲಿ ಹಾರ್ಲಿ ಅರ್ಲ್ ಎಂಬಾತನನ್ನು ಮುಖ್ಯಸ್ಥನಾಗಿ ಮಾಡಿ ಕಾರಿನ ಅಂದಚೆಂದಕ್ಕೆಂದೇ ಒಂದು ವಿಭಾಗ ತೆರೆಯಿತು. ವರ್ಷವರ್ಷ ಕಾರು ಹೊಸದಾಗಿ ಕಾಣಬೇಕು, ಆದರೆ ವರ್ಷವರ್ಷ ಹೊಸ ಅಚ್ಚು ಮಾಡಿಸಿದರೆ ಕಂಪನಿ ಮುಳುಗುತ್ತದೆ. ಹಾಗಾಗಿ ಬಾಡಿ ಅದೇ, ಗ್ರಿಲ್ಲು ಬೇರೆ, ಬದಿಯ ಪಟ್ಟಿ ಬೇರೆ, ಬಣ್ಣ ಬೇರೆ. 1930ರಲ್ಲಿ ಫೋರ್ಡ್ ತನ್ನ ಮಾಡೆಲ್ ಎ ಕಾರಿನ ರೇಡಿಯೇಟರ್ ಚೌಕಟ್ಟಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿದ ಮೇಲೆ ಹೊಳಪು ಅಗ್ಗವಾಗುತ್ತಾ ಬಂತು. ಐವತ್ತರ ದಶಕದ ಎರಡು ಬಣ್ಣದ ಕಾರುಗಳಲ್ಲಂತೂ ಒಂದು ಬಣ್ಣ ಎಲ್ಲಿ ನಿಂತು ಇನ್ನೊಂದು ಎಲ್ಲಿ ಶುರುವಾಗುತ್ತದೋ ಆ ಗೆರೆಯನ್ನು ಮುಚ್ಚುವ ಕೆಲಸವೂ ಪಟ್ಟಿಗೇ ಬಂತು. 1955ರ ಶೆವ್ರೊಲೆ ಬೆಲ್ ಏರ್ ಫೋಟೋ ನೋಡಿ, ಗೊತ್ತಾಗುತ್ತದೆ.

ನಮ್ಮಲ್ಲಿ ಈ ಉಪಾಯ ಬೇರೆಯದೇ ರೂಪ ತಾಳಿತು. ಅಲ್ಲಿ ಪೈಪೋಟಿಗಾಗಿ ಪಟ್ಟಿ ಬದಲಾಯಿಸಿದರು. ಇಲ್ಲಿ ಬೇರೇನನ್ನೂ ಬದಲಾಯಿಸುವ ಹಾಗೇ ಇರಲಿಲ್ಲ! ಲೈಸೆನ್ಸು, ಆಮದಿಗೆ ತಡೆ, ವಿದೇಶಿ ವಿನಿಮಯದ ಕೊರತೆ. 1969ರಲ್ಲಿ ಸರ್ಕಾರ ಕಾರುಗಳ ಬೆಲೆಯನ್ನೂ ತಾನೇ ಗೊತ್ತು ಮಾಡಿತು, ಕಂಪನಿಗಳು ಸುಪ್ರೀಂ ಕೋರ್ಟಿನ ತನಕ ಹೋದವು. ಅಂಬಾಸಿಡರ್ 1957ರ ಹೊತ್ತಿಗೆ ಬಂದದ್ದು 2014ರ ತನಕ ಹೆಚ್ಚುಕಡಿಮೆ ಅದೇ ಬಾಡಿಯಲ್ಲಿ ತಯಾರಾಯಿತು. ಮಾರ್ಕ್ ಟೂ, ಮಾರ್ಕ್ ತ್ರೀ ಅಂತ ಹೆಸರು ಬದಲಾದಾಗ ದೂರದಿಂದ ಕಾಣುತ್ತಿದ್ದ ಬದಲಾವಣೆ ಮುಖ್ಯವಾಗಿ ಗ್ರಿಲ್ಲಿನದು. ಫಿಯೆಟ್ ಕಥೆ ಇನ್ನೂ ಮಜಾ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು ಒಂದು ಅಡ್ಡಮಾತು. ಫಿಯೆಟ್ಟನ್ನು ಇಲ್ಲಿ ಮಾಡುತ್ತಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಕಟ್ಟಿದರು. ಆದರೆ ಈ ದೇಶದಲ್ಲಿ ಮೋಟಾರು ಕಾರ್ಖಾನೆ ಬೇಕು ಅಂತ ಮೂವತ್ತರ ದಶಕದಲ್ಲೇ ಯೋಜನೆ ಬರೆದು, ಯುರೋಪು ಅಮೆರಿಕ ಸುತ್ತಿ ಬಂದವರು ನಮ್ಮ ವಿಶ್ವೇಶ್ವರಯ್ಯನವರು. ಅದನ್ನು ಬೆಂಗಳೂರಿನಲ್ಲಿ ಸ್ಥಾಪಿಸಲು ಮೈಸೂರು ಸಂಸ್ಥಾನ ಸಹಾಯ ಮಾಡಲು ಮುಂದೆ ಬಂದಿತ್ತು, ವಾಲ್‌ಚಂದ್ ಜೊತೆಗಿದ್ದರು. ಬ್ರಿಟಿಷ್ ಸರ್ಕಾರ ಯುದ್ಧಕಾಲದ ಕಾರಣ ಹೇಳಿ ಒಪ್ಪಲಿಲ್ಲ. ವಾಲ್‌ಚಂದ್ ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು (ಅದೇ ಇವತ್ತಿನ ಎಚ್‌ಎಎಲ್), ಕಾರು ಕುರ್ಲಾಕ್ಕೆ ಹೋಯಿತು. ಇಲ್ಲದಿದ್ದರೆ ನಾನು ಈ ಪಟ್ಟಿಯ ಕ್ಲಿಪ್ಪಿಗೆ ಇಷ್ಟೊಂದು ಅಲೆಯುತ್ತಿರಲಿಲ್ಲ ಅಂತ ಅಂದುಕೊಳ್ಳಲು ಖುಷಿಯಾಗುತ್ತದೆ.

ಸರಿ, ಪಟ್ಟಿಗೆ ಬರೋಣ. ನಮ್ಮ ಕಾರಿನಲ್ಲಿ ಒಂದು ಬದಿಗೆ ನಾಲ್ಕು ತುಂಡು: ಮುಂದಿನ ಮಡ್‌ಗಾರ್ಡು, ಎರಡು ಬಾಗಿಲು, ಹಿಂದಿನ ಮಡ್‌ಗಾರ್ಡು. ಪ್ರತಿ ತುಂಡಿನ ಒಂದು ತುದಿಗೆ ಒಳಗಿನಿಂದ ನಟ್ಟು, ಉಳಿದದ್ದಕ್ಕೆ ಬಾಡಿಯ ತೂತುಗಳಲ್ಲಿ ಕೂತ ಕ್ಲಿಪ್ಪು. ಬಾಗಿಲಿನ ಒಳ ಹಲಗೆ ಬಿಚ್ಚದೆ ನಟ್ಟು ಸಿಗುವುದಿಲ್ಲ. ಅದು ಗೊತ್ತಿಲ್ಲದವರು ಹೊರಗಿನಿಂದ ಸ್ಕ್ರೂಡ್ರೈವರ್ ತೂರಿಸಿ ಮೀಟುತ್ತಾರೆ, ಪಟ್ಟಿ ಅಲ್ಲೇ ಮಡಚಿಕೊಳ್ಳುತ್ತದೆ. ತೆಳು ಸ್ಟೀಲು ಒಮ್ಮೆ ಮಡಚಿದರೆ ಆ ಗೆರೆ ಪೂರ್ತಿ ಹೋಗುವುದಿಲ್ಲ. ನಾನು ಮೊದಲ ತುಂಡಿಗೆ ಇದೇ ತಪ್ಪು ಮಾಡಿದೆ. ಆಮೇಲೆ ಅಪ್ಪ ಏನೂ ಮಾತಾಡದೆ ಬಿದಿರು ಸೀಳಿ, ಕೆತ್ತಿ, ಎರಡು ಚಕ್ಕೆ ಮಾಡಿಕೊಟ್ಟರು. ಒಂದನ್ನು ಕ್ಲಿಪ್ಪಿನ ಈಚೆ, ಇನ್ನೊಂದನ್ನು ಆಚೆ ಇಟ್ಟು ಸಮನಾಗಿ ಎತ್ತಿದರೆ 'ಟಕ್' ಅಂತ ಬಿಡುತ್ತದೆ. ಬಣ್ಣಕ್ಕೆ ಗೀರಿಲ್ಲ, ಪಟ್ಟಿಗೆ ಮಡಿಕೆಯಿಲ್ಲ. ಈಗಿನ ಕಾರುಗಳ ಪ್ಲಾಸ್ಟಿಕ್ ಪಟ್ಟಿ ಹೀಗಲ್ಲ, ಅವಕ್ಕೆ ಎರಡೂ ಕಡೆ ಅಂಟುವ ಫೋಮ್ ಟೇಪು. ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಮೀನಿನ ಗಾಳದ ದಾರದಿಂದ ಗರಗಸದಂತೆ ಎಳೆದರೆ ಬರುತ್ತದೆ.

ಬಿಚ್ಚಿದ ಮೇಲೆ ಕಂಡದ್ದು ಮಣ್ಣು. ಪಟ್ಟಿಯ ಹೊಟ್ಟೆಯೊಳಗೆ ಐವತ್ತು ವರ್ಷದ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು, ಒಂದು ಕಡೆ ಪಾಚಿ ಕೂಡ. ನಮ್ಮ ಕಡೆ ಮಳೆ ನೂರು ಇಂಚು ದಾಟುವುದು ಸುದ್ದಿಯೇ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಮಣ್ಣು ಒಣಗುವ ಮಾತೇ ಇಲ್ಲ. ಕಾರ್ಖಾನೆಯಲ್ಲಿ ಕೊರೆದ ತೂತಿನ ಅಂಚಿನಲ್ಲಿ ಬಣ್ಣ ಯಾವಾಗಲೂ ತೆಳು, ಅದರ ಮೇಲೆ ಕ್ಲಿಪ್ಪು ಉಜ್ಜಿ ಉಜ್ಜಿ ಕಬ್ಬಿಣ ಬಯಲಾಗುತ್ತದೆ. ಈಗ ಒಂದು ಕಡೆ ಸ್ಟೇನ್‌ಲೆಸ್ ಸ್ಟೀಲು, ಇನ್ನೊಂದು ಕಡೆ ಸಾದಾ ಕಬ್ಬಿಣ, ನಡುವೆ ಒದ್ದೆ ಮಣ್ಣು. ಪಿಯುಸಿ ರಸಾಯನಶಾಸ್ತ್ರ ನೆನಪಿದ್ದರೆ ಇದೊಂದು ಪುಟ್ಟ ಬ್ಯಾಟರಿ, ಸವೆಯುವುದು ಕಬ್ಬಿಣದ ಕಡೆ. ಒಡವೆ ಹೊಳೆಯುತ್ತಲೇ ಇರುತ್ತದೆ, ಮೈ ಕರಗುತ್ತದೆ.

ಮೂಡಿಗೆರೆ, ಬಾಳೂರು, ಕೊಟ್ಟಿಗೆಹಾರದ ಕಡೆ ಹಳೇ ಫಿಯೆಟ್ಟು ಅಂಬಾಸಿಡರುಗಳು ಬದಿಯಲ್ಲಿ ಬೋಳಾಗಿರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಬಡತನ ಅಂದುಕೊಂಡಿದ್ದೆ. ಎಷ್ಟೋ ಕಾರುಗಳಿಗೆ ಅದು ವೈದ್ಯ. ಬಣ್ಣಕ್ಕೆ ಕೊಟ್ಟಾಗ "ಪಟ್ಟಿ ಮತ್ತೆ ಹಾಕಬೇಡ, ತೂತು ಮುಚ್ಚಿಬಿಡು" ಅಂತ ಹೇಳುತ್ತಿದ್ದರಂತೆ. ಜೀಪಿಗೆ ಈ ತಾಪತ್ರಯವೇ ಇರಲಿಲ್ಲ. ಮಹೀಂದ್ರಾದವರು 1947ರಿಂದ ಜೋಡಿಸತೊಡಗಿದ ವಿಲ್ಲಿಸ್ ಜೀಪಿನ ಮೈಮೇಲೆ ಒಡವೆಯೇ ಇಲ್ಲ. ತೋಟಕ್ಕೆ ಜೀಪು, ಮದುವೆಗೆ ಕಾರು.

ಅಜ್ಜ ಮಾತ್ರ ಪಟ್ಟಿ ತೆಗೆಸಲಿಲ್ಲ. ಇಲ್ಲೊಂದು ಸಣ್ಣ ಪತ್ತೇದಾರಿ ಆಯಿತು. ಹಳೇ ಸ್ಪೀಕರಿನ ಅಯಸ್ಕಾಂತ ಇಟ್ಟು ನೋಡಿದರೆ ಏಳು ತುಂಡಿಗೆ ಅಂಟಿತು, ಎಡಗಡೆ ಹಿಂದಿನ ಬಾಗಿಲಿನದಕ್ಕೆ ಅಂಟಲಿಲ್ಲ. ಅದು ಅಲ್ಯುಮಿನಿಯಂ, ಕಿಟಕಿ ಚೌಕಟ್ಟಿಗೆ ಹಾಕುವಂಥದ್ದು, ಅರದಿಂದ ಉಜ್ಜಿ ಆಕಾರ ಮಾಡಿದ್ದಾರೆ. ಅಪ್ಪನನ್ನು ಕೇಳಿದೆ. ಎಂಬತ್ತರ ದಶಕದಲ್ಲಿ ಯಾವಾಗಲೋ ಗೇಟಿನ ಕಲ್ಲುಕಂಬಕ್ಕೆ ಒರೆಸಿ ಪಟ್ಟಿ ಹಾಳಾಯಿತಂತೆ. ಹೊಸದು ತರಿಸು ಅಂದಿದ್ದಕ್ಕೆ ಅಜ್ಜ "ಪೂಲ್ ದುಡ್ಡು ಬರಲಿ" ಅಂದರಂತೆ.

ಪೂಲ್ ದುಡ್ಡು ಅಂದರೆ ನಮ್ಮ ತಲೆಮಾರಿಗೆ ಗೊತ್ತಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ, ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕು. ಬೋರ್ಡು ಎಲ್ಲರದ್ದನ್ನೂ ಸೇರಿಸಿ ಮಾರಿ, ಗುಣಮಟ್ಟಕ್ಕೆ ಪಾಯಿಂಟು ಕೊಟ್ಟು, ಕಂತು ಕಂತಾಗಿ ಹಣ ಕೊಡುತ್ತಿತ್ತು. ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆಯೂ ಕೊಯ್ದಾಗಿರುತ್ತಿತ್ತು. ಬೆಲೆ ಬಿದ್ದ ವರ್ಷ ಅದು ರಕ್ಷಣೆಯೂ ಹೌದು, ಅದನ್ನು ಬೈಯುವವರು ಮರೆಯಬಾರದು. 1992ರಿಂದ ಸ್ವಲ್ಪ ಸ್ವಲ್ಪವಾಗಿ ಸಡಿಲವಾಗಿ 1996ಕ್ಕೆ ಪೂರ್ತಿ ಮುಕ್ತವಾಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಮಂಜು ಬಿದ್ದು ಗಿಡ ಸುಟ್ಟುಹೋಗಿ, ಲೋಕದ ತುಂಬ ಕಾಫಿ ಬೆಲೆ ಏರಿತು. ನಮ್ಮ ಮನೆಗೆ ಮಾರುತಿ ಜಿಪ್ಸಿ ಬಂದದ್ದು ಆಗ. ಫಿಯೆಟ್ಟು ಶೆಡ್ಡಿನ ಒಳಮೂಲೆಗೆ ಹೋದದ್ದೂ ಆಗಲೇ. ದುಡ್ಡು ಬಂದಾಗ ಪಟ್ಟಿ ಯಾರಿಗೂ ನೆನಪಾಗಲಿಲ್ಲ. ಆ ಅಲ್ಯುಮಿನಿಯಂ ತುಂಡು ಇನ್ನೂ ಕಾಯುತ್ತಾ ಕೂತಿತ್ತು.

ಇನ್ನು ಹೆಸರಿನ ವಿಷಯ. ಡಿಕ್ಕಿಯ ಮೇಲೆ 'ಪದ್ಮಿನಿ' ಅಂತ ಇದೆ. ಆರ್‌ಸಿ ಪುಸ್ತಕದಲ್ಲಿ ತಯಾರಾದ ವರ್ಷ 1973. ಆದರೆ ಪದ್ಮಿನಿ ಅನ್ನುವ ಹೆಸರು ಶುರುವಾದದ್ದೇ 1974ರಲ್ಲಿ! 1954ರಲ್ಲಿ ಬಂದ ಫಿಯೆಟ್ 1100 ದುಂಡು ದುಂಡಗಿತ್ತು, ಮುಂಬಯಿಯವರು ಅದನ್ನು 'ಡುಕ್ಕರ್' ಅಂದರು, ಹಂದಿ ಅಂತ. 1964ರಲ್ಲಿ ಬಂದದ್ದು 1100 ಡಿಲೈಟ್. 1972ರಲ್ಲಿ ಇಟಲಿಯ ಫಿಯೆಟ್ ಜೊತೆಗಿನ ಒಪ್ಪಂದ ಮುಗಿದಾಗ ಫಿಯೆಟ್ ಅನ್ನುವ ಹೆಸರು ಬಳಸುವಂತಿರಲಿಲ್ಲ. ಸ್ವಲ್ಪ ಕಾಲ ಅದೇ ಕಾರು 'ಪ್ರೀಮಿಯರ್ ಪ್ರೆಸಿಡೆಂಟ್' ಆಯಿತು, ಆಮೇಲೆ ರಜಪೂತ ರಾಣಿಯ ಹೆಸರಿನಲ್ಲಿ ಪದ್ಮಿನಿ. ಅದೇ 1089 ಸಿಸಿ ಎಂಜಿನ್ನು, ಅದೇ ಬಾಡಿ. ಬದಲಾದದ್ದು ಮುಖ್ಯವಾಗಿ ಅಕ್ಷರ. ಜನ ಮಾತ್ರ ಕೊನೆಯವರೆಗೂ ಫಿಯೆಟ್ ಅಂದರು, ನಾವೂ ಅಷ್ಟೇ.

ಪದ್ಮಿನಿ ಅಕ್ಷರ ಬಿಚ್ಚಿದೆ. ಕೆಳಗೆ ಅದಕ್ಕೆ ಬೇಕಿಲ್ಲದ ಮೂರು ತೂತು, ಪುಟ್ಟಿ ತುಂಬಿ ಬಣ್ಣ ಬಳಿದದ್ದು. ಉಗುರಿನಿಂದ ಕೆರೆದರೆ ಸುತ್ತ ಹಳೇ ಬಣ್ಣ. ಯಾವುದೋ ಬಣ್ಣದ ಸಲ ಪ್ರೆಸಿಡೆಂಟ್ ಅಕ್ಷರ ತೆಗೆದು, ಹೊಸ ಕಾರಿನಂತೆ ಕಾಣಲಿ ಅಂತ ಪದ್ಮಿನಿ ಹಾಕಿಸಿದ್ದಾರೆ ಅಂತ ನನ್ನ ಊಹೆ. ಅಪ್ಪನಿಗೂ ಈ ವಿಷಯ ಗೊತ್ತಿರಲಿಲ್ಲ. ಬಂದು ನೋಡಿ, ಬೆರಳಿಟ್ಟು ಮುಟ್ಟಿ, "ಅಪ್ಪಯ್ಯ ಹೇಳ್ಲೇ ಇಲ್ಲ ನೋಡು" ಅಂದರು.

ಇದರಿಂದ ಹೊಸ ಆಸೆ ಹುಟ್ಟಿತು. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಲ್ಲಿ, ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಇರುವ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ 'ವಿಎ' ಅಂತ ಅಕ್ಷರ. 1973 ಅಂದರೆ ನಮ್ಮದು ದಾಟಿದೆ. ಪ್ರೆಸಿಡೆಂಟ್ ಅಕ್ಷರ, ಸರಿಯಾದ ಪಟ್ಟಿ ಎರಡೂ ಹುಡುಕೋಣ ಅಂತ ಬೆಂಗಳೂರಿನ ಜೆಸಿ ರಸ್ತೆ, ಶಿವಾಜಿನಗರದ ಗುಜರಿ ಎಲ್ಲಾ ಸುತ್ತಿದೆ. ಅಕ್ಷರ ಸಿಗಲಿಲ್ಲ. ಒಂದು ಅಂಗಡಿಯಲ್ಲಿ 'ಒರಿಜಿನಲ್' ಅಂತ ಕೊಟ್ಟ ಪಟ್ಟಿ ಮನೆಗೆ ತಂದು ಒರೆಸಿದರೆ ಬಟ್ಟೆಗೆ ಹೊಳಪು ಬಂತು. ಪ್ಲಾಸ್ಟಿಕ್!

ಚಿಕ್ಕಪ್ಪನಿಗೆ ವಿಂಟೇಜ್ ವಿಷಯ ಹೇಳಿದೆ. "ಆಮೇಲೆ ಕಳಸದ ಪೇಟೆಗೆ ತಗೊಂಡು ಹೋಗಬಹುದಾ?" ಇಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದಕ್ಕೆ ಮಾತ್ರ, ದಿನದ ಓಡಾಟಕ್ಕೆ ಇಲ್ಲ. "ಮತ್ತೆ ಶೋಕೇಸಿಗೆ ಯಾಕೆ ಎಂಜಿನ್ನು?" ಅಂದರು. ಗುಜರಿಗೆ ಹಾಕು ಅಂದ ಮನುಷ್ಯ! ಅಪ್ಪ ಈ ಸಲ ಮಾತಾಡಿದರು: ಹತ್ತು ಸಾವಿರ ತಾನೇ, ಕಟ್ಟೋಣ.

ಉಳಿದದ್ದು ಕೆಲಸ. ತಂತಿ ಬ್ರಷ್ಷಿನಿಂದ ತುಕ್ಕು ಕೆರೆದು, ಫಾಸ್ಫಾರಿಕ್ ಆಮ್ಲದ ದ್ರಾವಣ ಬಳಿದು, ಎಪಾಕ್ಸಿ ಪ್ರೈಮರ್ ಎರಡು ಕೈ. ಎರಡು ಕಡೆ ತಗಡೇ ಹೋಗಿತ್ತು, ಮೂಡಿಗೆರೆಯಲ್ಲಿ ವೆಲ್ಡಿಂಗ್ ಆಯಿತು. ಕಬ್ಬಿಣದ ಕ್ಲಿಪ್ಪಿನ ಬದಲು ನೈಲಾನ್ ಕ್ಲಿಪ್ಪು, ಪ್ರತಿ ತೂತಿಗೂ ಬ್ಯೂಟೈಲ್ ಅಂಟು. ಬಾಗಿಲಿನ ತಳದ ನೀರು ಹೋಗುವ ಕಿಂಡಿಗಳನ್ನೂ ಬಿಡಿಸಿದೆ, ಅವು ಮುಚ್ಚಿಕೊಂಡರೆ ಮೇಲೆ ಏನು ಮಾಡಿದರೂ ದಂಡ. ಪಟ್ಟಿಯನ್ನು ಬಾಡಿಗೆ ಪೂರ್ತಿ ಒತ್ತಿ ಕೂರಿಸದೆ, ನೀರು ಇಳಿದು ಹೋಗುವಷ್ಟು ಕೂದಲೆಳೆ ಸಂದು ಬಿಟ್ಟಿದ್ದೇನೆ.

ಎಡಗಡೆ ಹಿಂದಿನ ಬಾಗಿಲಿಗೆ ಅಜ್ಜ ಹಾಕಿಸಿದ ಅಲ್ಯುಮಿನಿಯಂ ತುಂಡನ್ನೇ ಮತ್ತೆ ಹಾಕಿದೆ. ಡಿಕ್ಕಿಗೆ ಪದ್ಮಿನಿ ಅಕ್ಷರವೇ. ಕೆಳಗಿನ ಮೂರು ತೂತಿಗೆ ಪುಟ್ಟಿ ಬಳಿದಿಲ್ಲ, ತೆಗೆಯಲು ಬರುವಂತೆ ಬರೀ ಅಂಟು ತುಂಬಿದ್ದೇನೆ. ನಿಮ್ಮ ಊರಿನ ಯಾವುದಾದರೂ ಶೆಡ್ಡಿನಲ್ಲಿ ಪ್ರೆಸಿಡೆಂಟ್ ಅಕ್ಷರ ಬಿದ್ದಿದ್ದರೆ ಹೇಳಿ.

ಕೊನೆಯ ಪಟ್ಟಿ ಕೂರಿಸಿದ ಮಾರನೇ ಸಂಜೆ ಮಳೆ ಬಂತು. ಒಂದು ಇಂಚು ಹತ್ತು ಸೆಂಟು. ಎಲ್ಲರೂ ತೋಟ ನೋಡಲು ಓಡಿದರು, ನಾನು ಟಾರ್ಚು ಹಿಡಿದು ಬಾಗಿಲಿನ ಒಳಗೆ ನೀರು ಇಳಿದಿದೆಯಾ ಅಂತ ನೋಡುತ್ತಾ ಕೂತಿದ್ದೆ.