ಇಪ್ಪತ್ತೈದು ವರ್ಷಕ್ಕೆ ಒಂದೇ ಕುದುರೆ

ಮಳೆಗಾಲಕ್ಕೆ ಮುಂಚೆ ಚಿಕ್ಕಪ್ಪನ ಮಗ ಕೊಪ್ಪದಿಂದ ಫೋನ್ ಮಾಡಿದ್ದ. ಬೆಂಗಳೂರಿನ ಕೆಲಸ ಬಿಟ್ಟು ತೋಟ ನೋಡ್ಕೋತೀನಿ ಅಂತ ಊರಿಗೆ ಹೋದ ಹುಡುಗ. ಹಳೇ ಡೀಸೆಲ್ ಪಿಕಪ್ ಒಂದನ್ನ ತಗೊಂಡಿದ್ದಾನೆ.

"ಅಣ್ಣಾ, ಗೊಬ್ಬರ ತುಂಬ್ಕೊಂಡು ಬಂದ್ರೆ ಏರಲ್ಲಿ ಸೆಕೆಂಡ್ ಗೇರೇ ಗತಿ. ಪಂಪು ಬಿಗಿ ಮಾಡಿ, ಟರ್ಬೊ ಕೂರಿಸಿದ್ರೆ 20 ಎಚ್‌ಪಿ ಜಾಸ್ತಿ ಬರುತ್ತಂತೆ. ಮಾಡ್ಸ್ಲಾ?"

"ತಡಿ ಮಾರಾಯ, ನಾಳೆ ಹೇಳ್ತೀನಿ" ಅಂದೆ. ಆ ನಾಳೆಯ ಉತ್ತರವೇ ಈ ಬರಹ.

ನಮ್ಮ ಕಡೆ ಗಾಡಿ ಅಂದ್ರೆ ಶೋಕಿಯಲ್ಲ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಪುಟ್ಟ ರೈಲು ಓಡ್ತಿತ್ತು, ಅದೂ ಹೋಯ್ತು. ಇವತ್ತಿಗೂ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರು ತಾಲ್ಲೂಕಿಗೂ ರೈಲಿಲ್ಲ. ಡಾಂಬರು ಮುಗಿದ ಮೇಲೂ ಮನೆ ಇನ್ನೂ ದೂರ ಇರುತ್ತೆ. ಆ ಉಳಿದ ದಾರಿ ಜೀಪಿನದು. ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದ ಮೈಲುತುತ್ತು, ಸುಣ್ಣ, ಅಡಿಕೆ ಮೂಟೆ, ಮದುವೆ ದಿಬ್ಬಣ, ಹೆರಿಗೆ ನೋವು ಎಲ್ಲವೂ ಅದರ ಬೆನ್ನ ಮೇಲೇ ಬಂದಿವೆ.

ಆ ಜೀಪು ಮೊದಲು ಪೆಟ್ರೋಲಿನದು. 1940ರ ದಶಕದ ಕೊನೆಗೆ ಮಹೀಂದ್ರಾ ಕಂಪನಿ ಮುಂಬೈಯಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಬಂದ ಹರಿಕೇನ್ ಎಂಜಿನ್ 2.2 ಲೀಟರಿನದು, ಹೆಚ್ಚುಕಮ್ಮಿ 75 ಅಶ್ವಶಕ್ತಿ. ಗಟ್ಟಿಮುಟ್ಟಾದ ಎಂಜಿನ್ನು, ಆದರೆ ಪೆಟ್ರೋಲ್ ಕುಡಿಯೋದರಲ್ಲಿ ಆನೆ. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಅದನ್ನ ಸಾಕೋದು ಕಷ್ಟವಾಯ್ತು.

ಆಗ ಬಂದದ್ದು ಡೀಸೆಲ್. ಮೊದಲು ಜೀಪಿಗೆ ಕೂತದ್ದು ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ವಂಶದ ಎಂಜಿನ್ನು. ಶಕ್ತಿ ಪೆಟ್ರೋಲ್ ಜೀಪಿನ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಸದ್ದು ಮಾತ್ರ ಎರಡು ಪಟ್ಟು! ಆದರೂ ಜನ ಅದನ್ನೇ ತಗೊಂಡರು. ಆಮೇಲೆ ಫ್ರಾನ್ಸಿನ ಪೂಜೊ ಕಂಪನಿಯ ಪರವಾನಗಿಯಲ್ಲಿ ಎಕ್ಸ್‌ಡಿಪಿ 4.90 ಎಂಜಿನ್ ಬಂತು. 1985ರ ಎಂಎಂ 540 ಜೀಪಿನಲ್ಲಿ ಇದ್ದದ್ದು ಅದೇ: 2112 ಸಿಸಿ, 62 ಅಶ್ವಶಕ್ತಿ.

ಈಗ ಕಾಲು ಶತಮಾನ ದಾಟಿ ಬನ್ನಿ. 2010ರ ದಶಕದ ಬೊಲೆರೊದಲ್ಲಿ 2523 ಸಿಸಿಯ ಕಾಮನ್ ರೈಲ್ ಎಂಜಿನ್ನು, ಟರ್ಬೊ, ಕಂಪ್ಯೂಟರ್ ಎಲ್ಲ ಇತ್ತು. ಅಶ್ವಶಕ್ತಿ? 63.

ಹೌದು, ಇಷ್ಟು ವರ್ಷಕ್ಕೆ ಒಂದೇ ಒಂದು ಕುದುರೆ ಜಾಸ್ತಿ. ಎಂಜಿನಿಯರುಗಳು ನಿದ್ದೆ ಮಾಡ್ತಿದ್ರಾ? ಇಲ್ಲ. ಅವರು ಬೇರೆ ಲೆಕ್ಕ ತಿದ್ದುತ್ತಿದ್ದರು. ಪೂಜೊ ತನ್ನ 62 ಕುದುರೆ ಕಟ್ಟೋದು ನಿಮಿಷಕ್ಕೆ 4500 ಸುತ್ತು ತಿರುಗಿದಾಗ. ಕಲ್ಲುದಾರಿಯ ಏರಲ್ಲಿ ಅಷ್ಟು ಕಿರುಚಿಸೋರು ಯಾರು? ಬೊಲೆರೊ 3200ಕ್ಕೇ 63 ಕೊಡುತ್ತೆ. ತಿರುಚುಬಲ, ಅಂದ್ರೆ ಟಾರ್ಕ್, ಹಳೆಯದರಲ್ಲಿ ಸುಮಾರು 12 ಕೆಜಿ-ಮೀಟರ್ ಇದ್ದದ್ದು ಹೊಸದರಲ್ಲಿ ಸುಮಾರು 20. ಅದೂ 1400 ಸುತ್ತಿಗೇ ಸಿಗುತ್ತೆ. ಗುಣಿಸಿ ನೋಡಿದ್ರೆ 1400 ಸುತ್ತಿನಲ್ಲೇ ಹೊಸ ಎಂಜಿನ್ನಿನ ಹತ್ತಿರ 39 ಕುದುರೆ ಸಿದ್ಧ. ಹಳೆಯದು 2000 ಸುತ್ತಿಗೆ ಹೋದರೂ 33-34. ಏರು ಹತ್ತೋ ಹೊತ್ತಿಗೆ ಲಾಯದಲ್ಲಿ ಎಷ್ಟು ಕುದುರೆ ಇವೆ ಅನ್ನೋದಲ್ಲ, ಗಾಡಿಗೆ ಎಷ್ಟು ಕಟ್ಟಿವೆ ಅನ್ನೋದು ಮುಖ್ಯ.

ಹಾಗಾದ್ರೆ ಹಳೇ ಎಂಜಿನ್ನಿಗೆ ಶಕ್ತಿ ಹೇಗೆ ಕೂಡಿಸ್ತಾರೆ? ಡೀಸೆಲ್ ಎಂಜಿನ್ ಕೇಳೋದು ಎರಡೇ: ಎಣ್ಣೆ ಮತ್ತು ಗಾಳಿ. ಎಣ್ಣೆ ಅಳೆದು ಕೊಡೋದು ಇಂಧನ ಪಂಪು. ಜರ್ಮನಿಯ ರಾಬರ್ಟ್ ಬಾಷ್ ಕಂಪನಿ ಇಂಥ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು 1927ರಲ್ಲಿ. ನಮ್ಮ ದೇಶದಲ್ಲಿ ಅದನ್ನ ಮನೆಮಾತು ಮಾಡಿದ್ದು 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೊ. ನೀವು ದಿನಾ ಟ್ರಾಫಿಕ್ಕಲ್ಲಿ ಸಿಕ್ಕಿಕೊಳ್ಳೋ ಆಡುಗೋಡಿಯಲ್ಲಿ ಹಿಂದೆ ಇದ್ದ ಕಾರ್ಖಾನೆ, ಮೈಕೊ ಲೇಔಟಿನ ಹೆಸರು, ಎಲ್ಲ ಅದರದ್ದೇ. 2008ರಲ್ಲಿ ಅದು ಬಾಷ್ ಅಂತ ಹೆಸರು ಬದಲಿಸಿತು.

ಹಳೇ ಪಂಪಿನಲ್ಲಿ ಗರಿಷ್ಠ ಎಣ್ಣೆಯ ಮಿತಿ ಕಟ್ಟೋ ಒಂದು ಸ್ಕ್ರೂ ಇರುತ್ತೆ. ಅದನ್ನ ತಿರುಗಿಸಿದ್ರೆ ಎಣ್ಣೆ ಜಾಸ್ತಿ, ಗಾಡಿ ಹಾರುತ್ತೆ. ಗಾಳಿ ಮಾತ್ರ ಅಷ್ಟೇ. ಗಾಳಿ ಸಿಗದ ಎಣ್ಣೆ ಅರೆಬೆಂದು ಕಪ್ಪು ಹೊಗೆಯಾಗುತ್ತೆ, ಒಳಗಿನ ಕಾವು ಏರುತ್ತೆ. ಗಾಳಿಯನ್ನೂ ತುರುಕೋಣ ಅಂದ್ರೆ ಟರ್ಬೊ ಬೇಕು. ಅದಕ್ಕೆ ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ತಗೊಂಡಿದ್ದ. ಆದರೆ ಟರ್ಬೊ ಬಂದ್ರೆ ಸಿಲಿಂಡರಿನೊಳಗೆ ಒತ್ತಡ ಏರುತ್ತೆ. ಅದನ್ನ ತಡೆಯೋಕೆ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಬೇರಿಂಗ್, ರೇಡಿಯೇಟರ್, ಕ್ಲಚ್ಚು ಎಲ್ಲವೂ ತಯಾರಿರಬೇಕು. ಕಾರ್ಖಾನೆ ಟರ್ಬೊ ಹಾಕುವಾಗ ಇವನ್ನೆಲ್ಲ ಲೆಕ್ಕ ಹಾಕಿರುತ್ತೆ. ನಾವು ಸ್ಪ್ಯಾನರ್ ಹಿಡಿದಾಗ ಅದನ್ನ ಮರೆತಿರ್ತೀವಿ.

ನಮ್ಮ ಮನೆಯಲ್ಲೂ ಮರೆತಿದ್ದೆವು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಜೀಪಿನ ಪಂಪು ಬಿಗಿ ಮಾಡಿಸಿದ್ದರು. ಒಂದು ತಿಂಗಳು ಏರುಗಳೆಲ್ಲ ಸಪಾಟಾದ ಹಾಗಿತ್ತು. ಒಂದಿನ ಹರಿಹರಪುರ ದಾಟುವ ಹೊತ್ತಿಗೆ ಬಾನೆಟ್ಟಿನಿಂದ ಬಿಳೀ ಹಬೆ. ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಹೆಡ್ಡೂ ಬಿರುಕು ಬಿಟ್ಟಿತ್ತು. ಆ ವರ್ಷದ ಅಡಿಕೆ ದುಡ್ಡಲ್ಲಿ ದೊಡ್ಡ ಪಾಲು ಅದಕ್ಕೇ ಹೋಯ್ತು. ಅಪ್ಪ ಯಾರನ್ನೂ ಬೈಯಲಿಲ್ಲ. "ಎತ್ತಿಗೆ ಮೇವು ಹಾಕದೆ ಬಾರುಕೋಲು ಉದ್ದ ಮಾಡಿದ್ದು ನಾನೇ" ಅಂದರು.

ತಮ್ಮನಿಗೆ ಒಂದು ಲೆಕ್ಕ ಹೇಳಿದೆ. 75 ಕೆಜಿಯನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದ್ರೆ ಒಂದು ಕುದುರೆ. ಗಾಡಿ, ಹೊರೆ ಸೇರಿ 3000 ಕೆಜಿ ಅಂದ್ಕೋ. ಹತ್ತು ಮೀಟರಿಗೆ ಒಂದು ಮೀಟರ್ ಏರೋ ದಾರಿಯಲ್ಲಿ ಗಂಟೆಗೆ 30 ಕಿ.ಮೀ. ಹೋಗೋಕೆ ಬೇಕಾದ್ದು 33 ಕುದುರೆ. ಚಕ್ರದ ಉಜ್ಜುವಿಕೆ, ಗೇರುಗಳಲ್ಲಿ ಸೋರೋದು ಸೇರಿಸಿದ್ರೆ 45ರ ಆಸುಪಾಸು. ನಿನ್ನ ಎಂಜಿನ್ನಿಗೆ ಅದು ಆಗುತ್ತೆ. ಇನ್ನೂ 20 ಕೂಡಿಸಿದ್ರೆ ಅದೇ ಏರನ್ನ 40ಕ್ಕೂ ಮೇಲೆ ಹತ್ತಬಹುದು. ಆದರೆ ಮುಂದೆ ತಿರುವಿದೆ. ಹತ್ತಿದ ಮೇಲೆ ಇಳೀಬೇಕು, ಬ್ರೇಕು ಹಳೇದೇ.

ಕಾನೂನೂ ಇದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತಾಯ್ತು.

"ಹಂಗಾರೆ ಎಂತ ಮಾಡದು?" ಅಂದ.

"ಕಳೆದುಹೋದ ಕುದುರೆ ಹುಡುಕು" ಅಂದೆ. ಏರ್ ಫಿಲ್ಟರ್ ಕ್ಲೀನ್ ಮಾಡಿಸು. ಇಂಜೆಕ್ಟರ್ ನಾಝಲ್ ಟೆಸ್ಟ್ ಮಾಡಿಸು. ಟ್ಯಾಪೆಟ್ ಸೆಟ್ ಮಾಡಿಸು, ಪಂಪಿನ ಟೈಮಿಂಗ್ ನೋಡಿಸು, ಕಂಪ್ರೆಷನ್ ಅಳೆಸು. ಇಷ್ಟು ಹಳೇ ಗಾಡಿಯಲ್ಲಿ 62 ಅಂತ ಪುಸ್ತಕದಲ್ಲಿರೋದು ಎಂಜಿನ್ನಿನಲ್ಲಿ ಇರಲ್ಲ. ಮೊದಲು ಬ್ರೇಕು ಮಾಡಿಸು.

ಎರಡು ವಾರ ಬಿಟ್ಟು ಫೋನ್ ಮಾಡಿದ. ಎರಡು ನಾಝಲ್ ಕೆಟ್ಟಿದ್ವಂತೆ, ಫಿಲ್ಟರಿನಲ್ಲಿ ಇಲಿ ಗೂಡು ಕಟ್ಟಿತ್ತಂತೆ.

"ಏರಲ್ಲಿ ಈಗ ಹೆಂಗೆ?"

"ಸೆಕೆಂಡ್ ಗೇರೇ ಅಣ್ಣಾ. ಆದ್ರೆ ಹೊಗೆ ಇಲ್ಲ, ಅಮ್ಮ ಪಕ್ಕದಲ್ಲಿ ಕೂತ್ಕೊಂಡು ಬರ್ತಾರೆ."