ಜೆಪ್ಪು: ನೇತ್ರಾವತಿ ದಡದ ದಾರಿಗಳು ಮತ್ತು ಗುರುತುಗಳು

ಮಂಗಳೂರು ನಗರದ ದಕ್ಷಿಣ ಅಂಚಿನಲ್ಲಿ, ನೇತ್ರಾವತಿ ನದಿಯ ಉತ್ತರ ದಡಕ್ಕೆ ತಾಗಿಕೊಂಡು ಜೆಪ್ಪು ಇದೆ. ಕಾಸರಗೋಡಿನ ಕಡೆಯಿಂದ ರಸ್ತೆಯಲ್ಲಾಗಲಿ ರೈಲಿನಲ್ಲಾಗಲಿ ಬರುವವರು ಸೇತುವೆ ದಾಟಿದೊಡನೆ ತಲುಪುವುದು ಈ ಪರಿಸರವನ್ನೇ. ಸೆಮಿನರಿಗೆ, ಆಸ್ಪತ್ರೆಗೆ, ಧರ್ಮಪ್ರಾಂತ್ಯದ ಕೆಲಸಗಳಿಗೆ ಇಲ್ಲಿಗೆ ಬಂದು ಹೋಗುವವರು ಬಹಳ ಮಂದಿ. ಅವರ ಅನುಕೂಲಕ್ಕಾಗಿ ಈ ಕಿರು ಪರಿಚಯವನ್ನು ನೀಡುತ್ತಿದ್ದೇವೆ.

ನದಿ ಮತ್ತು ಹೆಂಚು

ಪಶ್ಚಿಮ ಘಟ್ಟದಲ್ಲಿ ಹುಟ್ಟುವ ನೇತ್ರಾವತಿಯನ್ನು ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಕೂಡಿಕೊಳ್ಳುತ್ತದೆ. ತುಂಬೆಯ ಕಿಂಡಿ ಅಣೆಕಟ್ಟಿನಿಂದ ನಗರಕ್ಕೆ ಕುಡಿಯುವ ನೀರು ಕೊಟ್ಟು, ಜೆಪ್ಪುವಿನ ಬದಿಯಿಂದ ಹರಿದು ನದಿ ಕಡಲು ಸೇರುತ್ತದೆ. ಜೆಪ್ಪುವಿಗೆ ಹೆಸರು ತಂದದ್ದು ನದಿ ದಡದ ಜೇಡಿಮಣ್ಣು. ಬಾಸೆಲ್ ಮಿಶನ್ನವರು 1865ರಲ್ಲಿ ಇಲ್ಲಿನ ಮೋರ್ಗನ್ಸ್ ಗೇಟ್ ಬಳಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಜಾರ್ಜ್ ಪ್ಲೆಬ್ಸ್ಟ್ ಇದರ ಹಿಂದಿದ್ದ ತಂತ್ರಜ್ಞ. ‘ಮಂಗಳೂರು ಹೆಂಚು’ ಇಲ್ಲಿಂದಲೇ ಹೆಸರಾಯಿತು. ಹಳೆಯ ಮನೆಗಳ, ಇಗರ್ಜಿಗಳ ಮಾಡಿನ ಹೆಂಚುಗಳ ಮೇಲೆ ಈ ಕಾರ್ಖಾನೆಯ ಹೆಸರನ್ನೂ 1865 ಎಂಬ ಇಸವಿಯನ್ನೂ ಇಂದಿಗೂ ಓದಬಹುದು. ಕಾಂಕ್ರೀಟ್ ತಾರಸಿಗಳು ಬಂದ ಮೇಲೆ ಜಿಲ್ಲೆಯ ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಅವನ್ನೇ ನಂಬಿದ್ದ ಕುಟುಂಬಗಳು ಬೇರೆ ದುಡಿಮೆ ಹುಡುಕಬೇಕಾಯಿತು.

ರೈಲು

ದಕ್ಷಿಣದಿಂದ ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ನೇತ್ರಾವತಿ ರೈಲು ಸೇತುವೆ ದಾಟಿದ ನಂತರ ಹಳಿ ಎರಡಾಗಿ ಕವಲೊಡೆಯುತ್ತದೆ. ಒಂದು ಮಂಗಳೂರು ಸೆಂಟ್ರಲ್‌ಗೆ, ಇನ್ನೊಂದು ಹಿಂದೆ ಕಂಕನಾಡಿ ಎನ್ನುತ್ತಿದ್ದ ಮಂಗಳೂರು ಜಂಕ್ಷನ್‌ಗೆ. 1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದ ಮೇಲೆ, ಕೇರಳ ಮತ್ತು ಮುಂಬಯಿ ನಡುವೆ ಓಡುವ ರೈಲುಗಳು ಸೆಂಟ್ರಲ್‌ಗೆ ಹೋಗದೆ ಜಂಕ್ಷನ್‌ನಲ್ಲೇ ನಿಂತು ಮುಂದುವರಿಯುತ್ತವೆ. ಟಿಕೆಟಿನಲ್ಲಿ ಯಾವ ನಿಲ್ದಾಣವೆಂದು ನೋಡಿಕೊಂಡು ಹೊರಡುವುದು ಒಳ್ಳೆಯದು. ಎರಡೂ ಕಡೆಗಳಿಂದ ಜೆಪ್ಪುವಿಗೆ ಆಟೋ ಸಿಗುತ್ತದೆ.

ರಸ್ತೆ

ಹಿಂದೆ 17 ಎಂದು ಕರೆಯುತ್ತಿದ್ದ ರಾಷ್ಟ್ರೀಯ ಹೆದ್ದಾರಿ 66, ತೊಕ್ಕೊಟ್ಟಿನಿಂದ ಸೇತುವೆ ದಾಟಿ ಜೆಪ್ಪಿನಮೊಗರು ಮೂಲಕ ಪಂಪ್‌ವೆಲ್ ತಲುಪುತ್ತದೆ. ಬಹುಕಾಲ ಕಾದ ಪಂಪ್‌ವೆಲ್ ಮೇಲ್ಸೇತುವೆ 2020ರ ಜನವರಿ 31ರಂದು ಸಂಚಾರಕ್ಕೆ ತೆರೆಯಿತು. ನಗರದ ಒಳಗಿನಿಂದ ಬರುವವರು ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಮಂಗಳಾದೇವಿ ಕಡೆಗೆ ಹೋಗುವ ಸಿಟಿ ಬಸ್ ಹಿಡಿಯಬಹುದು.

ಗುರುತುಗಳು

ಇಲ್ಲಿನ ಸಂತ ಜೋಸೆಫರ ಸೆಮಿನರಿಯನ್ನು ಯೇಸುಸಭೆಯ ಗುರುಗಳು 1879ರಲ್ಲಿ ಸ್ಥಾಪಿಸಿದರು. ಸಮೀಪದ ಬೋಳಾರದಲ್ಲಿ ಮಂಗಳಾದೇವಿ ದೇವಸ್ಥಾನವಿದೆ. ಊರಿಗೆ ಹೆಸರು ಬಂದದ್ದು ಈ ದೇವಿಯಿಂದಲೇ ಎನ್ನುತ್ತಾರೆ. 1568ರಲ್ಲಿ ಆರಂಭವಾದ ರೊಸಾರಿಯೊ ಇಗರ್ಜಿ, ಇಂದಿನ ಕೆಥೆಡ್ರಲ್, ಕೂಡ ದೂರವಿಲ್ಲ. ಕಂಕನಾಡಿಯಲ್ಲಿ ವಂದನೀಯ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ತೆರೆದ ಹೋಮಿಯೋಪಥಿ ಔಷಧಾಲಯ ಇಂದು ಫಾದರ್ ಮುಲ್ಲರ್ ಆಸ್ಪತ್ರೆಯಾಗಿ ಬೆಳೆದಿದೆ.

ಸೇತುವೆಯ ಬೆಲೆ

ಮಂಗಳೂರು ಧರ್ಮಪ್ರಾಂತ್ಯ ಕಾಸರಗೋಡು ಜಿಲ್ಲೆಯನ್ನೂ ಒಳಗೊಂಡಿದೆ. ನದಿಯ ಆಚೆ ಬದಿಯ ಮತ್ತು ಗಡಿಯಾಚೆಯ ಜನರಿಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರೇ ಆಸರೆ. ಇದು ಎಲ್ಲರಿಗೂ ಮನದಟ್ಟಾದದ್ದು 2020ರ ಮಾರ್ಚ್ ತಿಂಗಳಲ್ಲಿ. ಕೊರೊನಾ ಕಾರಣದಿಂದ ತಲಪಾಡಿ ಗಡಿಯನ್ನು ಮುಚ್ಚಿದಾಗ, ನಿತ್ಯ ಈ ದಾರಿಯಲ್ಲಿ ಚಿಕಿತ್ಸೆಗೆ ಬರುತ್ತಿದ್ದ ಕಾಸರಗೋಡಿನ ರೋಗಿಗಳು ಅಲ್ಲೇ ಉಳಿಯಬೇಕಾಯಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸೇತುವೆ ಗಟ್ಟಿಯಾಗಿದ್ದರೂ ದಾರಿ ಕಟ್ಟಿಹೋಗಬಹುದು ಎಂಬುದನ್ನು ಅಂದು ಕಂಡೆವು.

ಆದ್ದರಿಂದ ನಮ್ಮದೊಂದು ವಿನಂತಿ. ಎರಡೂ ದಡಗಳ ಧರ್ಮಕೇಂದ್ರಗಳು, ಸೇವಾ ಸಂಘಟನೆಗಳು ರೋಗಿಗಳ ವಿಷಯದಲ್ಲಿ ಸದಾ ಪರಸ್ಪರ ಸಂಪರ್ಕದಲ್ಲಿರಲಿ. ಯಾರ ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವವರಿದ್ದಾರೆ, ಯಾರಿಗೆ ವಾಹನವಿಲ್ಲ ಎಂಬುದು ವಾಳೆಯ ಗುರಿಕಾರರಿಗೆ ತಿಳಿದಿದ್ದರೆ, ದಾರಿ ಕಟ್ಟಿದ ದಿನ ಒಂದು ಜೀವ ಉಳಿದೀತು.