ಶತ್ರು ಬರುವ ದಾರಿ

ವರ್ತೂರು, ವೈಟ್‌ಫೀಲ್ಡ್ ಕಡೆಯ ಬಸ್ಸುಗಳಲ್ಲಿ ಹೊತ್ತು ಕಳೆಯಲು ಮೊಬೈಲಿನ ಕೋಟೆ ಕಾಯುವ ಆಟಗಳು ಒದಗುತ್ತವೆ. 2009ರಲ್ಲಿ ಬಂದ ‘ಪ್ಲಾಂಟ್ಸ್ ವರ್ಸಸ್ ಝಾಂಬೀಸ್’ನಲ್ಲಂತೂ ಅಂಗಳದ ಗಿಡಗಳೇ ಕಾವಲುಗಾರರು. ಶತ್ರು ಯಾವ ಸಾಲುಗಳಲ್ಲಿ ಬರುತ್ತಾನೆಂಬುದು ಆಟಗಾರನಿಗೆ ಕಣ್ಣೆದುರೇ ಇರುತ್ತದೆ.

ಟಿಪ್ಪು ಸುಲ್ತಾನನಿಗೆ ಆ ಅನುಕೂಲವಿರಲಿಲ್ಲ. 1791ರ ಫೆಬ್ರವರಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಆಂಬೂರಿನ ಕಡೆಯಿಂದ ಘಟ್ಟ ಹತ್ತುವಂತೆ ನಟಿಸಿ, ಅದಕ್ಕೂ ಉತ್ತರದ ಮುಗ್ಲಿ ಕಣಿವೆಯಿಂದ ಮೈಸೂರು ಸೀಮೆಗೆ ನುಗ್ಗಿದ. ಕೋಲಾರ, ಅನಂತರ ವರ್ತೂರಿಗೆ ಸಮೀಪದ ಹೊಸಕೋಟೆ, ಹೆಚ್ಚಿನ ಪ್ರತಿರೋಧವಿಲ್ಲದೆ ಅವನ ಕೈಸೇರಿದವು. ಮಾರ್ಚ್ 5ಕ್ಕೆ ಸೇನೆ ಬೆಂಗಳೂರಿನ ಮುಂದಿತ್ತು. 7ರಂದು ಪೇಟೆ ಬಿತ್ತು. ಅದನ್ನು ಮರಳಿ ಪಡೆಯಲು ಟಿಪ್ಪುವಿನ ಪಡೆ ನಡೆಸಿದ ಯತ್ನ ಫಲಿಸಲಿಲ್ಲ.

ಆದರೂ ಗೆಲುವು ಯಾರದೆಂದು ಆಗ ಹೇಳುವಂತಿರಲಿಲ್ಲ. ಟಿಪ್ಪುವಿನ ಸೇನೆ ಹೊರಗೆ ಹತ್ತಿರದಲ್ಲೇ ಸುಳಿದಾಡುತ್ತಿತ್ತು. ಮುತ್ತಿಗೆ ಹಾಕಿದವರಿಗೇ ಮೇವಿನ ಕೊರತೆ; ಫಿರಂಗಿ ಎಳೆಯಬೇಕಾದ ಎತ್ತುಗಳು ಸಾಯತೊಡಗಿದ್ದವು. ಆಟಗಳಲ್ಲಿ ಎತ್ತಿಗೆ ಹುಲ್ಲು ಹಾಕುವ ಗೊಡವೆಯೇ ಇಲ್ಲವೆನ್ನಿ! ಕಾಯುವಷ್ಟು ವ್ಯವಧಾನ ಕಾರ್ನ್‌ವಾಲಿಸನಿಗೆ ಉಳಿದಿರಲಿಲ್ಲ. ಫಿರಂಗಿಗಳು ಗೋಡೆಯನ್ನು ಒಡೆದಿದ್ದವು. ಮಾರ್ಚ್ 21ರ ರಾತ್ರಿ, ಬೆಳದಿಂಗಳಲ್ಲಿ, ಸೈನಿಕರು ಆ ಒಡಕಿನಿಂದಲೇ ಒಳಗೆ ಹತ್ತಿದರು. ಕಿಲ್ಲೇದಾರ ಬಹಾದೂರ್ ಖಾನ್ ಕಾದಾಡುತ್ತಲೇ ಮಡಿದ.

ಕೆ.ಆರ್. ಮಾರುಕಟ್ಟೆಯ ಬಳಿ ಉಳಿದಿರುವ ಕೋಟೆಯ ತುಣುಕಿನಲ್ಲಿ, ಅಂದಿನ ದಾಳಿ ನಡೆದದ್ದು ಈ ಒಡಕಿನ ಮೂಲಕವೇ ಎಂದು ಸಾರುವ ಇಂಗ್ಲಿಷ್ ಫಲಕವೊಂದಿದೆ. ಖಾನನ ಹೆಸರು ಅದರಲ್ಲಿಲ್ಲ.